ಕಾರಭಾರಿಯ ಹರಿವಾಣ

ಅಮಸಿದ್ದಪ್ಪ ರಂಗದ ಮೇಲೆ ಕೂತು ಹಣ್ಣು ತಿನ್ನುವುದನ್ನು ನೋಡಲೆಂದೇ ಜನ ಟಿಕೆಟು ತೆಗೆಸುತ್ತಿದ್ದರು. ನಾಟಕದ ಕತೆ ಹೆಚ್ಚಿನವರಿಗೆ ಬಾಯಿಪಾಠವಾಗಿತ್ತು. ದೇಸಾಯರ ಮಗಳಿಗೆ ಗಂಡಿನ ಕಡೆಯವರು ನಿಶ್ಚಯಕ್ಕೆ ಬರುವವರಿದ್ದಾರೆ. ಅವರಿಗಾಗಿ ದೊಡ್ಡ ಹರಿವಾಣದಲ್ಲಿ ಹಣ್ಣು ಜೋಡಿಸಿಟ್ಟು, ಕಾಯಲಿಕ್ಕೆ ಮನೆಯ ಕಾರಭಾರಿಯನ್ನು ಕೂಡಿಸಿದ್ದಾರೆ. ಆ ಕಾರಭಾರಿಯೇ ಅಮಸಿದ್ದಪ್ಪ. ಆಳುಗಳಿಗೆ ಮನೆತನದ ಮರ್ಯಾದೆಯ ಬಗ್ಗೆ ಬುದ್ಧಿ ಹೇಳುತ್ತಲೇ ಅವನ ಕೈ ಹರಿವಾಣಕ್ಕೆ ಹೋಗುತ್ತದೆ. ಒಂದು ಬಾಳೆಹಣ್ಣು, ಇನ್ನೊಂದು, ಮತ್ತೊಂದು. ಮಾತು ನಿಲ್ಲುವುದಿಲ್ಲ, ತಿನ್ನುವುದೂ ನಿಲ್ಲುವುದಿಲ್ಲ. ಬೀಗರು ಬಾಗಿಲಿಗೆ ಬಂದಾಗ ಹರಿವಾಣದಲ್ಲಿ ಸಿಪ್ಪೆ ಮಾತ್ರ ಉಳಿದಿರುತ್ತದೆ. ಕಾರಭಾರಿ ಎದ್ದು, "ಬರ್ರಿ, ನಿಮ್ಮ ದಾರೀನ ಕಾಯಾಕತ್ತಿದ್ದೆ" ಎಂದು ಕೈ ಮುಗಿಯುತ್ತಾನೆ.

ಬೇರೆ ಕಂಪನಿಗಳಲ್ಲಿ ಇಂಥ ಪಾತ್ರ ಮಾಡುವವರು ಹಣ್ಣನ್ನು ಅಂಗಿಯ ತೋಳಿನೊಳಗೆ ಜಾರಿಸಿ ತಿಂದಂತೆ ತೋರಿಸುತ್ತಿದ್ದರು. ಅಮಸಿದ್ದಪ್ಪ ನಿಜವಾಗಿಯೇ ತಿನ್ನುತ್ತಿದ್ದ. ಜನಕ್ಕೆ ಅದು ಗೊತ್ತಿತ್ತು.

ಅವನು ಕಮತಗಿಯವನು. ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ಅಣ್ಣತಮ್ಮಂದಿರೆಲ್ಲ ಬಡಕಲು ದೇಹದವರು, ಇವನೊಬ್ಬ ಮಾತ್ರ ಸಣ್ಣಂದಿನಿಂದ ದಪ್ಪ. ಕುರಿಯ ಹಿಂದೆ ಓಡಲಾರದೆ ಏದುಸಿರು ಬಿಡುತ್ತ ಕೂರುತ್ತಿದ್ದ. ಅಪ್ಪ ಬೈಯುತ್ತಿದ್ದ, ಊರ ಹುಡುಗರು ಹೊಟ್ಟೆಗೆ ತಿವಿದು ಓಡುತ್ತಿದ್ದರು. ಹರೆಯದಲ್ಲಿ ಒಮ್ಮೆ ಹುನಗುಂದದ ಸಂತೆಯಲ್ಲಿ ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದಾಗ ನಾಟಕ ಕಂಪನಿಯ ಮಾಲಕ ಅಂದಪ್ಪನವರ ಕಣ್ಣಿಗೆ ಬಿದ್ದ. ಅಂದಪ್ಪ ಬಹಳ ಹೊತ್ತು ನೋಡಿ, ಜೊತೆಗಿದ್ದವರಿಗೆ, "ಇಂವ ಮಾತಾಡೂದೂ ಬ್ಯಾಡ, ಸುಮ್ನ ಬಂದು ನಿಂತ್ರ ಸಾಕು, ಮಂದಿ ನಗ್ತಾರ" ಅಂದರಂತೆ. ಯಾವ ಮೈಗಾಗಿ ಬೈಸಿಕೊಂಡಿದ್ದನೋ ಅದೇ ಮೈ ಅವನಿಗೆ ಅನ್ನ ಕೊಟ್ಟಿತು. ಅದೇ ಕಂಪನಿಯಲ್ಲಿ ಅವನು ಬೆಳೆದ, ಮದುವೆಯಾದ. ಹೆಂಡತಿ ರೇಣವ್ವ ಕಮತಗಿಯ ಮನೆಯಲ್ಲಿ ಮಗಳು ರಂಗವ್ವನನ್ನು ಕಟ್ಟಿಕೊಂಡು ಇರುತ್ತಿದ್ದಳು. ಅವನು ಕಂಪನಿಯ ಜೊತೆ ಬಾಗಲಕೋಟೆ, ಇಳಕಲ್ಲು, ಬಾದಾಮಿ ಎಂದು ತಿರುಗುತ್ತಿದ್ದ.

ರಂಗದ ಹಣ್ಣನ್ನು ಒದಗಿಸುತ್ತಿದ್ದವನು ಬಾಗಲಕೋಟೆಯ ಹಳೆ ಪ್ಯಾಟೆಯ ಇಮಾಮಹುಸೇನ ಬಾಗವಾನ. ತಲೆತಲಾಂತರದಿಂದ ಹಣ್ಣಿನ ವ್ಯಾಪಾರದವರು. ಕಂಪನಿ ಎಲ್ಲಿ ಡೇರೆ ಹಾಕಿದರೂ ಬಸ್ಸಿನ ಮೇಲೆ ಬುಟ್ಟಿ ಹೇರಿಸಿ ಕಳಿಸುತ್ತಿದ್ದ, ಬಿಡುವಾದಾಗ ತಾನೇ ಬರುತ್ತಿದ್ದ. ಸಿಪ್ಪೆ ಒಂದೇ ಎಳೆತಕ್ಕೆ ಬಿಚ್ಚುವಂಥ, ಆದರೆ ಕೈಯಲ್ಲಿ ಮೆತ್ತಗಾಗದಂಥ ಬಾಳೆಹಣ್ಣನ್ನೇ ಆರಿಸುತ್ತಿದ್ದ. ಅಮಸಿದ್ದಪ್ಪನ ನಾಟಕವನ್ನು ಎಷ್ಟು ಸಲ ನೋಡಿದ್ದನೋ ಅವನಿಗೇ ಲೆಕ್ಕವಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತರ ನಂತರ ಅಮಸಿದ್ದಪ್ಪನ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಹೊತ್ತಿಲ್ಲದ ಹೊತ್ತಿನಲ್ಲಿ ಊಟ, ನಿದ್ದೆಗೆಡುವುದು, ಮೇಲಿಂದ ಮೇಲೆ ಚಹಾ, ತಲೆನೋವಿಗೆಂದು ನುಂಗುವ ಗುಳಿಗೆ. ಸೋಡಾ ಕುಡಿದು ಸುಮ್ಮನಾಗುತ್ತಿದ್ದ. ನಗಿಸುವವನ ಹೊಟ್ಟೆನೋವನ್ನು ಯಾರಾದರೂ ನಂಬುತ್ತಾರೆಯೇ? ಅವನೂ ಹೇಳಿಕೊಳ್ಳಲಿಲ್ಲ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಬಾದಾಮಿಯ ಕ್ಯಾಂಪಿನಲ್ಲಿ ಬಣ್ಣ ಹಚ್ಚಿಕೊಳ್ಳುತ್ತ ಕೂತವನು ಎದ್ದು ಪರದೆಯ ಹಿಂದೆ ಹೋಗಿ ರಕ್ತ ಕಾರಿಕೊಂಡ. ಸಾಮಾನು ಸಾಗಿಸುವ ಲಾರಿಯಲ್ಲೇ ಹಾಕಿಕೊಂಡು ಬಾಗಲಕೋಟೆಗೆ ತಂದರು. ಅಲ್ಲಿನ ಡಾಕ್ಟರರು ನೋಡಿದವರೇ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಹೊಟ್ಟೆ ಕೊಯ್ದು ಹುಣ್ಣಾದ ಭಾಗವನ್ನು ತೆಗೆದುಹಾಕಿದರು. ಹುಣ್ಣಿನ ಜೊತೆಗೆ ಜಠರದ ಬಹುಪಾಲು ಹೋಯಿತು.

ಎದ್ದು ಕೂರುವಂತಾದ ಮೇಲೆ ಡಾಕ್ಟರರು ಮಂಚದ ಬಳಿ ಬಂದು ತಮ್ಮ ಮುಷ್ಟಿ ಬಿಗಿದು ತೋರಿಸಿದರು.

"ಈಗ ನಿಮ್ಮ ಹೊಟ್ಟಿ ಇಷ್ಟ ಉಳದೈತಿ. ಒಮ್ಮೆಗೇ ತುಂಬಬಾರದು. ಗುಬ್ಬಿ ತಿಂದಂಗ ಹೊತ್ತಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನಬೇಕು. ಮೊದಲು ಗಂಜಿ, ಆಮ್ಯಾಲ ಮೆತ್ತನ್ನ ಅನ್ನ."

"ಹಣ್ಣು ಯಾವಾಗ್ರಿ?" ಎಂದು ಅಮಸಿದ್ದಪ್ಪ ಕೇಳಿದ.

"ಹಣ್ಣು ಎಲ್ಲಾಕ್ಕಿಂತ ಕಡೀಗೆ. ಪಪ್ಪಾಯಿ, ಕಳಿತ ಬಾಳಿಹಣ್ಣು, ಅದೂ ಒಂದೊಂದು ತುಣುಕು. ನಾರು, ಬೀಜ, ಸಿಪ್ಪಿ ಇರೂ ಹಣ್ಣಿನ ಹೆಸರು ತಗೀಬ್ಯಾಡ್ರಿ. ಅವು ಒಳಗ ಗಂಟ ಕಟ್ಟಿ ಕೂತ್ರ ಮತ್ತ ಕೊಯ್ಯೂದ ಬರ್ತೈತಿ."

ಕಮತಗಿಗೆ ಮರಳಿದ ಮೇಲೆ ರೇಣವ್ವ ಸಣ್ಣ ಬಟ್ಟಲಲ್ಲಿ ಗಂಜಿ ಹಾಕಿ, ಸೆರಗಿನಿಂದ ಬಾಯಿ ಒರೆಸುತ್ತ ಉಣಿಸಿದಳು. ಅವನ ತಾಯಿ ಬೀರಪ್ಪನ ಗುಡಿಯ ಅರಿಶಿಣದ ಭಂಡಾರ ತಂದು ಹಣೆಗೆ ಹಚ್ಚಿದಳು. ವಾರದಿಂದ ವಾರಕ್ಕೆ ಅವನು ಇಳಿಯುತ್ತ ಹೋದ. ಮೊದಲು ಮುಖ ಹೋಯಿತು, ಆಮೇಲೆ ತೋಳು. ಗಲ್ಲದ ಕೆಳಗೆ, ಹೊಟ್ಟೆಯ ಮೇಲೆ ತೊಗಲು ಮಡಿಕೆ ಮಡಿಕೆಯಾಗಿ ಜೋತುಬಿತ್ತು. ಅವನ ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿ ರೂಢಿಯಾಗಿದ್ದ ರಂಗವ್ವ ಒಂದು ಮಧ್ಯಾಹ್ನ ಹಾಗೆಯೇ ಬಂದು ತಲೆಯಿಟ್ಟವಳು, ಸ್ವಲ್ಪ ಹೊತ್ತಿಗೆ ಎದ್ದು ಅವ್ವನ ಹತ್ತಿರ ಹೋಗಿ ಕೂತಳು. ನೋಡಲು ಬಂದ ಊರವರು ಬಾಗಿಲಲ್ಲೇ ಒಂದು ಕ್ಷಣ ನಿಂತು, "ಅಮಸಿದ್ದಪ್ಪ ಎಲ್ಲಿ?" ಎಂದು ಕೇಳಿಯೇ ಒಳಗೆ ಬರುತ್ತಿದ್ದರು.

ಮೊದಲ ಹಣ್ಣು ತಂದವನು ಇಮಾಮಹುಸೇನ. ಡಾಕ್ಟರರು ಹೇಳಿದ ಅವಧಿ ಮುಗಿದದ್ದನ್ನು ರೇಣವ್ವನಿಂದ ಕೇಳಿ ತಿಳಿದುಕೊಂಡು, ಪೂರ್ತಿ ಹಣ್ಣಾದ ಒಂದು ಪಪ್ಪಾಯಿಯನ್ನು ಟಾವೆಲಿನಲ್ಲಿ ಸುತ್ತಿಕೊಂಡು ಬಸ್ಸಿಳಿದ. ತಾನೇ ಕೊಯ್ದು, ಬೀಜ ಕೆರೆದು, ಒಂದು ಹೋಳನ್ನು ಚಮಚದಿಂದ ಹಿಸುಕಿ ಕೊಟ್ಟ.

"ನುಂಗಬ್ಯಾಡ ದೋಸ್ತ. ಬಾಯಾಗ ಇಟ್ಕೊಂಡು ಕೂಡು."

ಅಮಸಿದ್ದಪ್ಪ ಚಮಚವನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ. ತಿಂಗಳುಗಟ್ಟಲೆ ಗಂಜಿ, ಮಜ್ಜಿಗೆ ಬಿಟ್ಟು ಬೇರೆ ಕಾಣದ ಬಾಯಿ. ಅವನ ಗದ್ದ ನಡುಗಿತು. ರೇಣವ್ವ ನೋವೆಂದುಕೊಂಡು ಹತ್ತಿರ ಬಂದಳು. ಅವನು ಕೈಯಾಡಿಸಿ ಏನಿಲ್ಲವೆಂದ. ನಾಲ್ಕು ಚಮಚ ಇಳಿಯಿತು, ಹೊಟ್ಟೆ ತಕರಾರು ಮಾಡಲಿಲ್ಲ. ಆ ದಿನ ಮೂವರೂ ಕಟ್ಟೆಯ ಮೇಲೆ ಕೂತು ಹಗುರವಾಗಿ ಮಾತಾಡಿದರು.

ಆದರೆ ಧೈರ್ಯ ಬಂದದ್ದೇ ತಪ್ಪಾಯಿತು. ವಾರ ಕಳೆಯುವುದರೊಳಗೆ ಯಾರೋ ಬಂಧುಗಳು ಶಕ್ತಿ ಬರಲೆಂದು ಸಕ್ಕರೆ ಹಾಕಿದ ಮೋಸಂಬಿ ರಸ ಕೊಟ್ಟರು. ಅವನು ಗಟಗಟ ಕುಡಿದ. ಸ್ವಲ್ಪ ಹೊತ್ತಿಗೆ ಎದೆ ನಗಾರಿಯಂತೆ ಹೊಡೆದುಕೊಳ್ಳತೊಡಗಿತು, ಮೈ ಬೆವರಿನಿಂದ ತೊಯ್ದುಹೋಯಿತು, ಕಣ್ಣಿಗೆ ಕತ್ತಲೆ ಕಟ್ಟಿ ಅಂಗಳದಲ್ಲೇ ಕುಸಿದ. ರೇಣವ್ವ ಓಡಿಬಂದು ತೊಡೆಯ ಮೇಲೆ ತಲೆಯಿಟ್ಟುಕೊಂಡು, ಹೋದನೆಂದೇ ತಿಳಿದು ಅತ್ತಳು. ಅರ್ಧ ತಾಸಿಗೆ ಸುಧಾರಿಸಿತು. ಬಾಗಲಕೋಟೆಯ ಡಾಕ್ಟರರು ಕಾರಣ ಹೇಳಿದರು. ಮೊದಲು ಜಠರ ಅನ್ನವನ್ನು ತಡೆದು ಹಿಡಿದು, ಮೆಲ್ಲಗೆ ಕೆಳಗೆ ಬಿಡುತ್ತಿತ್ತು. ಈಗ ತಡೆಯುವ ಬಾಗಿಲೇ ಇಲ್ಲ, ಸಿಹಿಯೆಲ್ಲ ಒಮ್ಮೆಲೇ ಕರುಳಿಗೆ ಧುಮುಕುತ್ತದೆ, ಅದಕ್ಕೇ ಹೀಗೆ. ರಸ ಬೇಡ, ಹಣ್ಣನ್ನೇ ಅಗಿದು ತಿನ್ನಬೇಕು, ತಿಂದ ಮೇಲೆ ಸ್ವಲ್ಪ ಮಲಗಬೇಕು, ಅವಸರ ಮಾಡಬಾರದು.

ಅವಸರ ಮಾಡಬಾರದೆಂಬ ಮಾತನ್ನು ಅವನು ಪಾಲಿಸುತ್ತಿದ್ದನೇನೋ. ಅಷ್ಟರಲ್ಲಿ ಅಂದಪ್ಪ ಕಮತಗಿಗೆ ಬಂದರು. ಕಟ್ಟೆಯ ಮೇಲಿದ್ದವನನ್ನು ಮೇಲಿಂದ ಕೆಳಗಿನವರೆಗೆ ನೋಡುತ್ತ ಅವರು ಪಕ್ಕದಲ್ಲಿ ಕೂತರು. ರೇಣವ್ವ ಕೊಟ್ಟ ಚಹಾ ಕೈಯಲ್ಲೇ ಆರಿತು.

"ಪಾತ್ರ ಯಾರಿಗೂ ಕೊಟ್ಟಿಲ್ಲಪ್ಪ," ಎಂದರು ಕೊನೆಗೆ. "ಆ ನಾಟಕ ಹಚ್ಚೂದನ್ನ ಬಿಟ್ಟೀನಿ. ಎಲ್ಲಾ ಊರಾಗೂ ಕೇಳ್ತಾರ, ಕಾರಭಾರಿ ಎಂದ ಬರ್ತಾನ ಅಂತ. ಟಾಕೀಸಿಗೆ ಹೋದ ಮಂದಿ ತಿರುಗಿ ಡೇರೇಕ ಬರಬೇಕಂದ್ರ ನೀನ ಬೇಕು."

"ಬರ್ತೇನ್ರಿ ಮಾಲಕ್ರ. ಹಣ್ಣು ತಿನ್ನಾಕ ಸುರು ಮಾಡೀನಿ."

"ತಿಂದಂಗ ಮಾಡಿದ್ರ ಸಾಕು. ತಿನ್ನಬ್ಯಾಡ."

"ಹಂಗ ನಾ ಎಂದೂ ಮಾಡಿಲ್ಲರಿ," ಎಂದ ಅಮಸಿದ್ದಪ್ಪ.

ಅಂದಿನಿಂದ ಹಣ್ಣು ಅವನಿಗೆ ಪಥ್ಯವಾಗಿ ಉಳಿಯಲಿಲ್ಲ, ತಾಲೀಮು ಆಯಿತು. ರೇಣವ್ವ ನೀರಿಗೆ ಹೋದಾಗ ಒಳಗೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದ. ಅರ್ಧ ತಿಂದರೆ ಸುಖ. ಒಂದು ತಿಂದರೆ ಎದೆ ಸ್ವಲ್ಪ ಹಾರುತ್ತಿತ್ತು, ಗೋಡೆಗೆ ಒರಗಿ ಕೂತರೆ ತಣ್ಣಗಾಗುತ್ತಿತ್ತು. ಒಂದೂವರೆ ತಿಂದ ದಿನ ರೇಣವ್ವ ಕೊಡ ಹೊತ್ತು ಒಳಬಂದಳು. ಅವನು ಬೆವರುತ್ತ ನೆಲಕ್ಕೆ ಬಿದ್ದಿದ್ದ, ಪಕ್ಕದಲ್ಲಿ ಸಿಪ್ಪೆ ಇತ್ತು. ಅವಳು ಕೊಡ ಇಳಿಸಿ ಗಾಳಿ ಹಾಕಿದಳು. ಅವನು ಕಣ್ಣು ಬಿಟ್ಟ ಮೇಲೆ ಕೇಳಿದಳು.

"ನೀವು ಹೊಟ್ಟಿಗೆ ತಿನ್ನಾಕತ್ತೀರೋ, ನಾಟಕಕ್ಕ ತಿನ್ನಾಕತ್ತೀರೋ?"

ಅವನು ಕೈ ಚಾಚಿ ಸಿಪ್ಪೆಯನ್ನು ಬದಿಗೆ ಸರಿಸಿದ.

"ನಾಟಕ ಹೋದ್ರ ಹೋಗ್ಲಿ. ಕೂಲಿ ಮಾಡಿ ಹಾಕ್ತೇನಿ ನಾ."

"ನೀ ಹಾಕ್ತೀಯವ್ವಾ. ಆದ್ರ ನಾ ಯಾರಂತ ಕೂತು ತಿನ್ನಲಿ?"

ಅದೇ ದಿನಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಹಿತ್ತಲ ಬಾಗಿಲಿಗೆ ಬಂದವನು ಗೋಡೆಯ ಮರೆಯಲ್ಲಿ ರೇಣವ್ವ ನಿಂತಿದ್ದನ್ನು ಕಂಡ. ಕೈಯಲ್ಲಿ ಪೇರಲ ಹಣ್ಣು. ಸದ್ದಾಗದಂತೆ, ಬೀಜ ಕೂಡ ಅಗಿಯದೆ, ಅವಸರದಿಂದ ನುಂಗುತ್ತಿದ್ದಳು. ಕಳವು ಮಾಡಿದವರಂತೆ ಆಚೆ ಈಚೆ ನೋಡುತ್ತಿದ್ದಳು. ಅವನಿಗೆ ನಿಷೇಧವಾದ ಹಣ್ಣು ಅದು. ಗಂಡನ ಕಣ್ಣೆದುರು ತಿನ್ನಬಾರದೆಂದು ಅವಳು ಇಷ್ಟು ದಿನ ಹೀಗೇ ಮಾಡುತ್ತಿದ್ದಳೆಂದು ಅವನಿಗೆ ಆಗ ಹೊಳೆಯಿತು. ಊಟವನ್ನೂ ಅವಳು ಅವನ ಜೊತೆ ಮಾಡುತ್ತಿರಲಿಲ್ಲ. ಅವನು ಹಿಂದಕ್ಕೆ ಸರಿದ. ಸಂಜೆ, ಬೇರೆ ಏನೋ ಮಾತಿನ ನಡುವೆ, "ನನ್ನ ಮುಂದ ಕೂತ ಉಣ್ಣ, ರೇಣಿ. ನಾ ನೋಡ್ತೇನಿ, ನೋಡೂದು ನನಗ ಬೇಕಾಗೈತಿ" ಅಂದ. ಅವಳು ಹೂಂ ಅಂದಳು. ಆದರೆ ಹಾಗೆ ಕೂತು ಉಣ್ಣುವುದು ಅವಳಿಗೆ ಕೊನೆಯವರೆಗೂ ಸಾಧ್ಯವಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಕಂಪನಿ ಇಳಕಲ್ಲಿನಲ್ಲಿ ಡೇರೆ ಹಾಕಿತು. ರವಿವಾರದ ಹಗಲಾಟಕ್ಕೆ ಕಾರಭಾರಿಯ ನಾಟಕವೆಂದು ಊರೆಲ್ಲ ಡಂಗುರ ಹೊಡೆಸಿದರು. ನೇಕಾರರು ಮಗ್ಗಕ್ಕೆ ಬಿಡುವು ಕೊಟ್ಟು ಮಕ್ಕಳುಮರಿ ಕರೆದುಕೊಂಡು ಬಂದರು. ರೇಣವ್ವ ಬರಲಿಲ್ಲ. ಇಮಾಮಹುಸೇನ ಹಣ್ಣಿನ ಬುಟ್ಟಿಯೊಂದಿಗೆ ಬೆಳಿಗ್ಗೆಯೇ ಬಂದು, ಅಂದಪ್ಪನವರ ಎದುರಿಗೇ ಅಮಸಿದ್ದಪ್ಪನಿಂದ ಮಾತು ತೆಗೆದುಕೊಂಡ. ಅಂಗಿಯೊಳಗೆ ಹತ್ತಿಯ ಹೊಟ್ಟೆ ಕಟ್ಟುವುದು, ಅದರ ಬದಿಗೆ ಒಂದು ಚೀಲ ಹೊಲಿಯುವುದು. ಮೊದಲ ಹಣ್ಣಿನ ಒಂದು ತುಣುಕು ಮಾತ್ರ ಬಾಯಿಗೆ, ಉಳಿದದ್ದೆಲ್ಲ ಚೀಲಕ್ಕೆ.

ಪರದೆ ಎದ್ದಾಗ ಚಪ್ಪಾಳೆ ಬಿತ್ತು. ಆಮೇಲೆ ನಿಂತಿತು. ಹತ್ತಿಯ ದೊಡ್ಡ ಹೊಟ್ಟೆಯ ಮೇಲೆ ಸಣ್ಣ, ಸೊರಗಿದ ಮುಖವನ್ನು ಜನ ನೋಡಿದರು. ಅವನು ಮೊದಲ ಮಾತು ಆಡಿದ. ಇಡೀ ಡೇರೆ ನಗಬೇಕಾದ ಜಾಗದಲ್ಲಿ ಯಾರೋ ಕೆಮ್ಮಿದರು. ಎರಡನೆಯ ಮಾತಿಗೂ ನಗು ಬರಲಿಲ್ಲ. ಅವನು ಹಣ್ಣು ಸುಲಿದು ತುಣುಕು ತಿಂದು, ಉಳಿದದ್ದನ್ನು ಚೀಲಕ್ಕೆ ಜಾರಿಸಿದ. ಹಿಂದಿನ ಸಾಲಿನಿಂದ ಒಬ್ಬ ಕೂಗಿದ:

"ಲೇ, ಹತ್ತಿ ಹೊಟ್ಟಿಗೆ ತುಂಬಾಕತ್ಯಾನ ನೋಡ್ರಲೇ."

ಅದಕ್ಕೆ ಮಾತ್ರ ನಗು ಬಂತು. ಅಮಸಿದ್ದಪ್ಪ ಮಾತು ನಿಲ್ಲಿಸಿ ಆ ಕಡೆ ನೋಡಿದ. ಆಮೇಲೆ ಹರಿವಾಣವನ್ನು ತನ್ನ ಹತ್ತಿರ ಎಳೆದುಕೊಂಡು ಒಂದು ಹಣ್ಣು ಸುಲಿದು ಇಡಿಯಾಗಿ ಬಾಯಿಗೆ ಹಾಕಿಕೊಂಡ, ಎರಡೂ ಕೈ ಬಿಚ್ಚಿ ತೋರಿಸಿದ. ಜನ ನಕ್ಕರು. ಮತ್ತೊಂದು ಸುಲಿದ. ಹಳೆಯ ವೇಗ, ಹಳೆಯ ಗತ್ತು ತಾನಾಗಿ ಬಂತು. ಮನೆತನದ ಮರ್ಯಾದೆಯ ಮಾತು ನಾಲಗೆಯ ಮೇಲೆ ಓಡತೊಡಗಿತು. ಡೇರೆ ಅವನ ಕೈಗೆ ಮರಳಿತ್ತು. ಎದುರಿನ ಸಾಲಿನಲ್ಲಿ ಕೂತಿದ್ದ ಇಮಾಮಹುಸೇನ ಬೇಡವೆಂದು ತಲೆಯಾಡಿಸಿದ್ದನ್ನು ಅವನು ನೋಡಿದ, ನೋಡಿಯೂ ಮೂರನೆಯದಕ್ಕೆ ಕೈ ಹಾಕಿದ.

ನಾಲ್ಕನೆಯ ಹಣ್ಣು ಅರ್ಧವಾದಾಗ ಹಣೆಯ ಬಣ್ಣ ಬೆವರಿಗೆ ಕರಗಿ ಇಳಿಯಿತು. ಕೈ ನಡುಗಿ ಸಿಪ್ಪೆ ಜಾರಿತು. ಜನ ಜೋರಾಗಿ ನಕ್ಕರು. ಅವನು ಏಳಲು ಹೋಗಿ ರಂಗದ ಮೇಲಿದ್ದ ಮಂಚದ ಕಾಲು ಹಿಡಿದುಕೊಂಡ, ಮಾತು ತೊದಲಿತು. ಹೊಟ್ಟೆಬಾಕ ಕಾರಭಾರಿಗೆ ತಿಂದದ್ದು ಹೆಚ್ಚಾಯಿತೆಂದು ತಿಳಿದು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು, ಗಂಡಸರು ತೊಡೆ ಬಡಿದುಕೊಂಡರು. ಹರಿವಾಣದ ಮೇಲೆಯೇ ಅವನು ಬೋರಲು ಬಿದ್ದ. ಆ ಡೇರೆಯಲ್ಲಿ ಅಷ್ಟು ದೊಡ್ಡ ನಗು ಹಿಂದೆಂದೂ ಎದ್ದಿರಲಿಲ್ಲವೆಂದು ಆಮೇಲೆ ಹೇಳುತ್ತಿದ್ದರು. ನಗದೆ ಎದ್ದು ನಿಂತವನು ಇಮಾಮಹುಸೇನ ಒಬ್ಬನೇ. ಅವನು ರಂಗದ ಕಡೆಗೆ ಓಡಿದಾಗ ಅದೂ ನಾಟಕದ ಭಾಗವೆಂದು ಚಪ್ಪಾಳೆ ಹೊಡೆದರು.

ಪರದೆಯ ಹಿಂದೆ ಚಾಪೆಯ ಮೇಲೆ ಮಲಗಿಸಿ ಗಾಳಿ ಹಾಕಿದರು. ಬಹಳ ಹೊತ್ತಿಗೆ ಅವನ ಬಣ್ಣ ತಿರುಗಿತು. ಅಂದಪ್ಪ ತಲೆದೆಸೆಯಲ್ಲಿ ಕೂತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಅವನಿಗೆ ಏನಾದರೂ ಆಗಿಬಿಟ್ಟಿದ್ದರೆ ಎಂಬ ಹೆದರಿಕೆಯಿಂದ ಅವರು ಗಾಳಿ ಹಾಕುವುದನ್ನು ಇನ್ನೂ ನಿಲ್ಲಿಸಿರಲಿಲ್ಲ. ಆದರೂ ಹೇಳಿದರು.

"ತಿನ್ನೂದು ಸಾಕಪ್ಪ. ಇನ್ನ ಮ್ಯಾಲ ತಿನ್ನಬ್ಯಾಡ. ಆ ಬೀಳೂದು ಐತೆಲ್ಲ, ಅದನ್ನ ಇಟ್ಕೊಳ್ಳೂಣು."

ಇಮಾಮಹುಸೇನ ಬುಟ್ಟಿಯನ್ನು ಎತ್ತಿಕೊಂಡು ಹೊರಗೆ ಹೋದ.

ಅಮಸಿದ್ದಪ್ಪ ಒಪ್ಪಿದ. ಮುಂದಿನ ಆಟಗಳಲ್ಲಿ ತಿಂದಂತೆ ಮಾಡಿದ, ನಡುಗಿದಂತೆ ಮಾಡಿದ, ಮಂಚದ ಕಾಲು ಹಿಡಿದು ಬಿದ್ದ. ಅಚ್ಚುಕಟ್ಟಾಗಿಯೇ ಬಿದ್ದ. ಜನ ನಗಲಿಲ್ಲ. ಏಕೆಂದು ಅವನಿಗೂ ತಿಳಿಯಲಿಲ್ಲ, ಅಂದಪ್ಪನವರಿಗೂ ತಿಳಿಯಲಿಲ್ಲ. ಕ್ಯಾಂಪು ಏಳುವ ಮೊದಲೇ ಪಾತ್ರ ಬೇರೊಬ್ಬನ ಪಾಲಾಯಿತು. ಅಮಸಿದ್ದಪ್ಪನಿಗೆ ಬಾಗಿಲು ಕಾಯುವ ಸಿಪಾಯಿಯ ಪಾತ್ರ ಕೊಟ್ಟರು. ಅದರಲ್ಲಿ ಮಾತಿರಲಿಲ್ಲ. ಒಂದು ತಿಂಗಳು ಮಾಡಿ ಅವನು ಕಮತಗಿಗೆ ಬಂದುಬಿಟ್ಟ.

ಮುಂದಿನ ವರ್ಷ ಹುನಗುಂದದ ಒಂದು ಟಾಕೀಸಿನಲ್ಲಿ ಗೇಟಿನ ಕೆಲಸ ಸಿಕ್ಕಿತು. ಟಿಕೆಟು ಹರಿದು ಒಳಗೆ ಬಿಡುವುದು. ಅಲ್ಲೇ ಒಂದು ಕೋಣೆ ಹಿಡಿದು ಮೂವರೂ ಇದ್ದರು. ಅವಸರವಿಲ್ಲದ ಆ ಬದುಕಿನಲ್ಲಿ ಡಾಕ್ಟರರು ಹೇಳಿದ ಹಾಗೆ ಹಣ್ಣು ಒಂದೊಂದಾಗಿ ಅವನ ಬಾಯಿಗೆ ಮರಳಿತು. ಬೆಳಿಗ್ಗೆ ಪಪ್ಪಾಯಿಯ ಹೋಳು. ಕಳಿತ ಚಿಕ್ಕು, ಸಿಪ್ಪೆ ತೆಗೆದು. ಕಿತ್ತಳೆಯ ತೊಳೆಯನ್ನು ರೇಣವ್ವ ನಾರು, ಪೊರೆ ಎಲ್ಲ ಸುಲಿದು ಕೊಡುತ್ತಿದ್ದಳು. ಕೊನೆಗೆ ಒಂದು ಇಡೀ ಬಾಳೆಹಣ್ಣನ್ನು ನಿಧಾನವಾಗಿ ಅಗಿದು ತಿಂದರೂ ಎದೆ ಹಾರದಂತಾಯಿತು. ಆ ದಿನ ಅವನು ಯಾರಿಗೂ ಹೇಳಲಿಲ್ಲ. ಸಿಪ್ಪೆಯನ್ನು ಬೀದಿಯ ಆಕಳಿಗೆ ಹಾಕಿ ಕೆಲಸಕ್ಕೆ ಹೋದ.

ಗೇಟಿನಲ್ಲಿ ಅವನ ಗುರುತು ಯಾರಿಗೂ ಸಿಗುತ್ತಿರಲಿಲ್ಲ. ಒಮ್ಮೆ ಇಳಕಲ್ಲಿನ ಒಬ್ಬ ನೇಕಾರ ಟಿಕೆಟು ಕೊಡುತ್ತ ಅವನ ದನಿ ಕೇಳಿ ನಿಂತ.

"ಈ ದನಿ ಎಲ್ಲೋ ಕೇಳೀನಲ್ರಿ. ಹಾಂ, ನಾಟಕದಾಗ ಒಬ್ಬ ಕಾರಭಾರಿ ಇದ್ದ, ಭಾಳ ದಪ್ಪ. ಅಂವಂದೂ ಹಿಂಗ ದನಿ. ತೀರಿಕೊಂಡ ಅಂತ ಕೇಳಿದ್ದೆ."

"ಹೌದ್ರಿ," ಎಂದ ಅಮಸಿದ್ದಪ್ಪ. "ನಾನೂ ಹಂಗ ಕೇಳೀನಿ. ಒಳಗ ನಡೀರಿ, ಪಿಚ್ಚರ ಸುರು ಆತು."

ಎಂಬತ್ತೊಂದರಲ್ಲಿ ಅಂದಪ್ಪನವರ ಕಂಪನಿ ಮುಚ್ಚಿತು. ಅಷ್ಟೊತ್ತಿಗೆ ರಂಗವ್ವನನ್ನು ಬಾದಾಮಿಗೆ ಕೊಟ್ಟಿದ್ದರು. ಅಮಸಿದ್ದಪ್ಪನ ಮೈ ಬಿಳಿಚಿಕೊಳ್ಳುತ್ತ ಬಂತು. ನಾಲಗೆ ಹುಣ್ಣಾಗುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು, ಮೂರು ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತಿತ್ತು. ಹೊಟ್ಟೆ ಕೊಯ್ಸಿಕೊಂಡವರಿಗೆ ರಕ್ತ ಹುಟ್ಟುವುದು ಕಡಿಮೆಯಾಗುತ್ತದೆ, ತಪ್ಪದೆ ಇಂಜೆಕ್ಷನ್ನು ಮಾಡಿಸಿಕೊಳ್ಳುತ್ತಿರಬೇಕು ಎಂದರು ಡಾಕ್ಟರರು. ಕೆಲಕಾಲ ಮಾಡಿಸಿಕೊಂಡ. ಸುಧಾರಿಸಿತೆಂದು ಬಿಟ್ಟ. ಮತ್ತೆ ಮಾಡಿಸಿಕೊಂಡ, ಮತ್ತೆ ಬಿಟ್ಟ. ಎಂಬತ್ನಾಲ್ಕರಲ್ಲಿ ಕೆಲಸ ಬಿಡಿಸಿ ರಂಗವ್ವ ಅಪ್ಪ, ಅವ್ವ ಇಬ್ಬರನ್ನೂ ಬಾದಾಮಿಗೆ ಕರೆದುಕೊಂಡು ಹೋದಳು.

ಅಲ್ಲಿ ಇಮಾಮಹುಸೇನ ನೋಡಲು ಬಂದ. ಅವನಿಗೂ ವಯಸ್ಸಾಗಿತ್ತು. ಹೊಳೆಗೆ ಕಟ್ಟುತ್ತಿದ್ದ ಅಣೆಕಟ್ಟಿನ ನೀರು ನಿಂತರೆ ಬಾಗಲಕೋಟೆಯ ಪ್ಯಾಟೆ ಮುಳುಗುತ್ತದೆಂದು, ಎಲ್ಲರೂ ಬೇರೆ ಕಡೆ ಹೋಗಬೇಕೆಂದು ಊರಲ್ಲೆಲ್ಲ ಅದೇ ಮಾತು ಎಂದ. ಅವನ ಅಜ್ಜನ ಕಾಲದ ಅಂಗಡಿಯೂ ಅದರಲ್ಲಿ ಹೋಗುವುದಿತ್ತು.

"ನೀರು ಎಂದ ಬರ್ತೈತಂತ?" ಎಂದು ಅಮಸಿದ್ದಪ್ಪ ಕೇಳಿದ.

"ಯಾರಿಗೂ ಗೊತ್ತಿಲ್ಲ. ಬರ್ತೈತಿ ಅಂತಾರ ಅಷ್ಟ. ಅಲ್ಲೀತನಕ ಅಂಗಡಿ ತಗೀಬೇಕಲ್ಲ, ತಗೀತೇನಿ."

ಆಮೇಲೆ ಇಮಾಮಹುಸೇನ, ಇಷ್ಟು ವರ್ಷ ಆಡದ ಮಾತೊಂದನ್ನು ಆಡಿದ.

"ಇಳಕಲ್ಲಾಗ ಅವತ್ತ ಯಾಕ ತಿಂದ್ಯಲೇ? ನನಗ ಮಾತ ಕೊಟ್ಟಿದ್ದಿ."

"ಮಂದಿ ಸುಮ್ಮ ಕೂತಿದ್ರು," ಎಂದ ಅಮಸಿದ್ದಪ್ಪ. "ಅಷ್ಟು ಮಂದಿ ಸುಮ್ಮ ಕೂತಿದ್ದನ್ನ ನಾ ಎಂದೂ ನೋಡಿದ್ದಿಲ್ಲ. ಅಂಜಿಕಿ ಬಂತು."

ಆ ಚಳಿಗಾಲ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಬಾದಾಮಿಯ ಗುಡ್ಡದ ಸೀತಾಫಲ ಬಂದಿತ್ತು. ರಂಗವ್ವ ಒಂದೊಂದೇ ಬೀಜ ತೆಗೆದು ತಿರುಳನ್ನು ಬಟ್ಟಲಲ್ಲಿ ಹಾಕಿ ಕೊಡುತ್ತಿದ್ದಳು. ಎರಡು ಚಮಚಕ್ಕೆ ಸಾಕೆನ್ನುತ್ತಿದ್ದ. ಅದು ಹೊಟ್ಟೆ ಹಿಡಿಯದ್ದಕ್ಕಲ್ಲ, ಹಸಿವೇ ಹೋಗಿತ್ತು. ಸಂಕ್ರಾಂತಿಗೆ ಮೊದಲು, ಒಂದು ಮುಂಜಾನೆ, ರೇಣವ್ವ ಹಲ್ಲುಜ್ಜಿಸಲು ಬೂದಿ, ನೀರು ತಂದು ಕರೆದಾಗ ಅವನು ಓಗೊಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ, ಮಧ್ಯಾಹ್ನದ ಬಸ್ಸಿಗೆ ಇಮಾಮಹುಸೇನ ಬಂದ. ಮುಖ ನೋಡಲು ಸಿಗಲಿಲ್ಲ. ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತೇ ಇದ್ದ. ರೇಣವ್ವ ಬಾಗಿಲಿಗೆ ಬಂದು, ಅವನು ಬಾಗಲಕೋಟೆಯಿಂದ ಏನೂ ತಿನ್ನದೆ ಬಂದಿರುವುದನ್ನು ಮುಖದಲ್ಲೇ ಕಂಡಳು.

"ಒಳಗ ಬರ್ರಿ, ಅಣ್ಣಾರ," ಎಂದಳು. "ನೆರಮನಿಯವರು ಅಡಗಿ ತಂದಿಟ್ಟಾರ. ನಾನೂ ಇನ್ನ ಉಂಡಿಲ್ಲ. ಕೂಡ್ರಿ, ಕೂಡೇ ಉಣ್ಣೂಣು."